ಪ್ಲೇಗ್ ಬಿಡಾರದ ಚಿತ್ರದ ಕ್ಲಾಸು

ನನಗೆ ಎಂಟು ವರ್ಷವಾಗಿದ್ದ ಚಳಿಗಾಲದಲ್ಲಿ ಚನ್ನಗಿರಿಯಲ್ಲಿ ಇಲಿ ಬಿದ್ದವು. ನಮ್ಮ ಕಡೆ ಅಷ್ಟು ಹೇಳಿದರೆ ಸಾಕಿತ್ತು, ಪ್ಲೇಗು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಯಾರದೋ ಅಟ್ಟದಿಂದ ಸತ್ತ ಇಲಿ ಕೆಳಗೆ ಬಿತ್ತೆಂದು ಬೆಳಿಗ್ಗೆ ಸುದ್ದಿಯಾದರೆ ಸಂಜೆಯೊಳಗೆ ಆ ಬೀದಿ ಖಾಲಿ. ಪಾತ್ರೆ, ಚಾಪೆ, ಕಾಳಿನ ಚೀಲ ಗಾಡಿಗೆ ಹೇರಿ, ಒಳಗೆ ಬಿಸಿಲು ಬೀಳಲೆಂದು ಸೂರಿನ ಹೆಂಚು ಅಲ್ಲಲ್ಲಿ ತೆಗೆದಿಟ್ಟು, ಬಾಗಿಲಿಗೆ ಬೀಗ ಹಾಕಿ ಜನ ಊರಾಚೆ ಹೋಗುತ್ತಿದ್ದರು. ಆ ವರ್ಷ ಸಂತೇಬೆನ್ನೂರು ರಸ್ತೆಯ ಪಕ್ಕದ ಬೀಳು ಹೊಲದಲ್ಲಿ ಬಿಡಾರ ಬಿಟ್ಟೆವು. ತಟ್ಟಿಯ ಗೋಡೆ, ಸೋಗೆಯ ಮಾಡು, ಸಾಲು ಸಾಲು ಗುಡಿಸಲು. ಬೆಳಗಿನ ಜಾವ ಚಳಿಗೆ ಮಕ್ಕಳು ಒಂದೇ ಸಮ ಅಳುತ್ತಿದ್ದವು.

ನಮ್ಮಪ್ಪ ಆಸ್ಪತ್ರೆಯ ಕಾಂಪೌಂಡರ್. ಬಿಡಾರದ ತುದಿಯಲ್ಲಿ ಒಂದು ಡೇರೆ ಹಾಕಿಕೊಂಡು ಅಲ್ಲಿ ಪ್ಲೇಗಿನ ಸೂಜಿ ಹಾಕುತ್ತಿದ್ದರು. ಜನರ ಭಯ ಹೋಗಲೆಂದು ಮೊದಲ ಸೂಜಿ ಎಲ್ಲರೆದುರಿಗೆ ನನಗೇ ಹಾಕಿದರು. ನನ್ನ ತೋಳು ಬಾತು ಎರಡು ದಿನ ಜ್ವರ ಬಂತು. ಅದನ್ನು ನೋಡಿ ಮುಂದೆ ಬರಬೇಕಿದ್ದವರು ಹಿಂದೆ ಸರಿದರು. ಪಕ್ಕದ ಸಾಲಿನಲ್ಲಿ ಅಡಿಕೆ ವ್ಯಾಪಾರದವರ ಒಂದು ಮನೆತನವಿತ್ತು. ಆ ಮನೆಯ ಅಜ್ಜ, "ಚೆನ್ನಾಗಿರೋ ಹುಡುಗ್ರಿಗೆ ಜ್ವರ ಬರ್ಸಾಕೆ ಸೂಜಿ ಯಾಕ್ರೀ ಬೇಕು?" ಎಂದು ಮನೆಮಂದಿಯನ್ನೆಲ್ಲ ಡೇರೆಯ ಬಾಗಿಲಿನಿಂದಲೇ ವಾಪಸು ಕರೆದುಕೊಂಡು ಹೋದರು. ಅಜ್ಜನ ಕೈ ಹಿಡಿದುಕೊಂಡು ಹೋದ ಮೊಮ್ಮಗಳು ನನ್ನ ಗೆಳತಿ. ನನಗಿಂತ ಒಂದು ವರ್ಷ ಚಿಕ್ಕವಳು, ನನಗಿಂತ ಗಟ್ಟಿ ಹುಡುಗಿ. ಮುಂದಿನ ಎರಡು ಹಲ್ಲು ಬಿದ್ದು ಹೊಸವು ಅರ್ಧ ಬಂದಿದ್ದವು.

ಶಾಲೆಗೆ ಬೀಗ ಬಿದ್ದಿತ್ತು. ದೊಡ್ಡ ಹುಡುಗರನ್ನು ಹೊಲದ ಕೆಲಸಕ್ಕೆ ಎಳೆದುಕೊಂಡರು. ಒಂಬತ್ತು ವರ್ಷದೊಳಗಿನ ನಾವು ದಿಕ್ಕಿಲ್ಲದೆ ತಿರುಗುತ್ತಿದ್ದೆವು. ತಿರುಗಿ ತಿರುಗಿ ಕೊನೆಗೆ ಊರ ಕಡೆಗೇ ಹೋಗುತ್ತೇವೆ ಎಂಬುದು ದೊಡ್ಡವರ ಭಯ. ಮಿಡ್ಲ್‌ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಕೂಡ ನಮ್ಮ ಬಿಡಾರದಲ್ಲೇ ಇದ್ದರು. ನ್ಯಾಮತಿಯವರು, ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹೆಂಡತಿ ಮತ್ತು ಕೂಸನ್ನು ತಮ್ಮೂರಿಗೆ ಕಳಿಸಿ ಒಬ್ಬರೇ ಗುಡಿಸಲಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಒಂದು ದಿನ ಅವರು ಅಪ್ಪನ ಬಳಿ ಬಂದು, "ಈ ಸಣ್ಣವನ್ನ ನನ್ನ ಹತ್ರ ಬಿಡ್ರಿ. ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ಚಿತ್ರ ಬರೆಸ್ತೀನಿ. ಒಂದು ಕಡೆ ಕೂತಿರ್ತಾವೆ" ಎಂದರು.

ಹೊಲದ ಬದುವಿನಲ್ಲಿ ಒಂದು ದೊಡ್ಡ ಹೊಂಗೆ ಮರವಿತ್ತು. ಅದರ ಕೆಳಗೆ ಕ್ಲಾಸು ಶುರುವಾಯಿತು. ಕಾಗದ ಎಲ್ಲಿಂದ ಬರಬೇಕು? ಸತ್ತ ಇಲಿಯನ್ನು ಮುಟ್ಟಬೇಡಿ, ಊರೊಳಗೆ ಹೋಗಬೇಡಿ ಎಂದು ಅಚ್ಚು ಹಾಕಿಸಿದ ನೋಟೀಸಿನ ಕಟ್ಟು ಅಪ್ಪನ ಬಳಿ ಉಳಿದಿತ್ತು. ಅದರ ಹಿಂಬದಿಯೇ ನಮ್ಮ ಕಾಗದ. ಒಲೆಯ ಇದ್ದಿಲು, ಕೆಮ್ಮಣ್ಣು, ಸುಣ್ಣ, ಅರಿಶಿನ, ಇವು ಬಣ್ಣಗಳು. ಈಚಲು ಕಡ್ಡಿಯ ತುದಿ ಜಜ್ಜಿದರೆ ಕುಂಚ. ಕಾಗದ ಸಿಗದವರು ಜೇಡಿಮಣ್ಣಿನಲ್ಲಿ ಎತ್ತು, ಕೋಳಿ ಮಾಡುತ್ತಿದ್ದರು.

ಶಾಲೆಯಲ್ಲಿ ಇದೇ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಹೂಜಿ ಬರೆದು ಅದನ್ನೇ ಬರೆಯಿರಿ ಎನ್ನುತ್ತಿದ್ದರೆಂದು ದೊಡ್ಡ ಹುಡುಗರು ಹೇಳುತ್ತಿದ್ದರು. ಮರದ ಕೆಳಗೆ ಅವರು ಒಂದು ಗೆರೆಯನ್ನೂ ಹಾಕಿ ತೋರಿಸಲಿಲ್ಲ. "ನೀವು ಕಂಡಿದ್ದನ್ನ ಬರೀರಿ. ತಪ್ಪು ಅಂತ ನಾನೇನು ಅನ್ನಾಕಿಲ್ಲ" ಎಂದರು.

ನಾವು ಕಂಡಿದ್ದನ್ನೇ ಬರೆದೆವು. ಕಾಲು ಮೇಲಾದ ಇಲಿ. ಬೆಂಕಿ ಹಚ್ಚಿದ ಹಾಸಿಗೆ. ಬಿಡಾರದ ಹಿಂದಿನಿಂದ ದಿನವೂ ಹೋಗುತ್ತಿದ್ದ ಹೆಣದ ಗಾಡಿ. ಗಾಡಿಯ ಚಕ್ರ ಬರೆಯುವುದು ನಮಗೆ ಬಹಳ ಇಷ್ಟವಾಗಿತ್ತು, ಹಾಗಾಗಿ ಎಲ್ಲರ ಕಾಗದದಲ್ಲೂ ಗಾಡಿಯೇ. ಮೂರನೆಯ ದಿನ ನಾಲ್ಕೈದು ತಾಯಂದಿರು ಜಗಳಕ್ಕೆ ಬಂದರು. ಅವರಲ್ಲಿ ನನ್ನ ಅಮ್ಮನೂ ಇದ್ದಳು.

"ಇದೇನ್ರಿ ಮೇಷ್ಟ್ರೆ, ಹೂವು ಹಣ್ಣು ಬರ್ಸೋದು ಬಿಟ್ಟು ಹೆಣ ಬರೆಸ್ತೀರಲ್ಲ?"

ಮೇಷ್ಟ್ರು ಎದ್ದು ನಿಂತು ಹೇಳಿದರು. "ನಾನು ಬರ್ಸಿಲ್ಲಮ್ಮ. ಅವು ದಿನಾ ನೋಡೋದು ಅದನ್ನೇ. ಬರೆದು ಮುಗಿಸ್ಲಿ, ಆಮೇಲೆ ಹೂವು ಬರ್ತಾವೆ."

ಅವರು ಹೇಳಿದ್ದು ನಿಜವಾಯಿತು. ಎರಡು ವಾರ ಕಳೆಯುವ ಹೊತ್ತಿಗೆ ಗಾಡಿಗಳು ತಾವಾಗಿ ನಿಂತವು. ಒಬ್ಬ ಕೋತಿ ಬರೆದ, ಒಬ್ಬಳು ತನ್ನ ಅಜ್ಜಿ ರೊಟ್ಟಿ ತಟ್ಟುವುದನ್ನು ಬರೆದಳು. ನನಗೆ ಚಿತ್ರ ಅಷ್ಟಾಗಿ ಬರುತ್ತಿರಲಿಲ್ಲ, ಜೇಡಿಮಣ್ಣು ಹದ ಮಾಡುವ ಕೆಲಸ ನನ್ನದು. ನನ್ನ ಗೆಳತಿಗೆ ಬರುತ್ತಿತ್ತು. ಅವಳು ಕಾಗದದ ಮೇಲೆ ಬಗ್ಗಿದರೆ ಕರೆದರೂ ಕೇಳುತ್ತಿರಲಿಲ್ಲ, ನಾಲಗೆಯ ತುದಿ ಹಲ್ಲಿನ ಸಂದಿಯಿಂದ ಹೊರಗೆ ಬಂದಿರುತ್ತಿತ್ತು. ಮೇಷ್ಟ್ರು ಅವಳ ಹಿಂದೆ ನಿಂತು ಸುಮ್ಮನೆ ನೋಡುತ್ತಿದ್ದರು.

ಅವಳು ಒಂದು ದಿನ ಕೆರೆ ಬರೆದಳು. ಏರಿ, ತೂಬು, ಬಟ್ಟೆ ಒಗೆಯುವವರು, ಎಲ್ಲವೂ ಇತ್ತು. ನೀರಿಗೆ ಇದ್ದಿಲು ಬಳಿದಿದ್ದಳು. ಬಳಿದ ಮೇಲೆ ಅವಳಿಗೇ ಸಮಾಧಾನವಾಗಲಿಲ್ಲ.

"ಇದು ಚರಂಡಿ ಆತು, ಕೆರೆ ಅಲ್ಲ. ನೀಲಿ ಬೇಕಿತ್ತು ಮೇಷ್ಟ್ರೆ."

"ನೀಲಿ ಎಲ್ಲಿಂದ ತರಣ ಮಗಾ. ಊರು ತೆರೀಲಿ, ಶಿವಮೊಗ್ಗದಿಂದ ತರಿಸ್ತೀನಿ" ಎಂದರು ಮೇಷ್ಟ್ರು.

ಅವತ್ತು ಊಟಕ್ಕೆ ಹೋಗುವಾಗ ಅವಳು ನನಗೆ ಹೇಳಿದಳು, ಅವರ ಮನೆಯ ಬಚ್ಚಲಿನ ಗೂಡಿನಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣ ಇದೆಯೆಂದು. ಸುಮ್ಮನೆ ಹೇಳಿದಳು, ತರೋಣ ಎನ್ನಲಿಲ್ಲ. "ನಡಿ, ತರಣ" ಎಂದವಳು ನಾನು. ನನಗೆ ಸೂಜಿ ಆಗಿದೆ, ನನಗೇನೂ ಆಗುವುದಿಲ್ಲ ಎಂಬ ಧೈರ್ಯವಿತ್ತು. ಅವಳಿಗೆ ಸೂಜಿ ಆಗಿಲ್ಲ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಇಷ್ಟು ವರ್ಷ ಆ ಕ್ಷಣವನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ನಿಜಕ್ಕೂ ಬರಲಿಲ್ಲ.

ಊರ ಬಾಯಿಯಲ್ಲಿ ಕಾವಲಿಗೆ ತಳವಾರ ಕೂರುತ್ತಿದ್ದ. ಮಧ್ಯಾಹ್ನ ಅವನು ಉಣ್ಣಲು ಬಿಡಾರಕ್ಕೆ ಬಂದಾಗ ನಾವು ಬೇಲಿಯ ಪಕ್ಕದಿಂದ ನುಗ್ಗಿದೆವು. ದಿನ ಬೆಳಗಾದರೆ ಆಡುತ್ತಿದ್ದ ಬೀದಿ ಗುರುತೇ ಸಿಗಲಿಲ್ಲ. ಅಂಗಳಗಳಲ್ಲಿ ಹುಲ್ಲು ಬಂದಿತ್ತು. ಬಾಗಿಲುಗಳ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದರು. ಒಂದು ನಾಯಿ ಬೊಗಳದೆ ನಮ್ಮನ್ನು ನೋಡುತ್ತ ಮಲಗಿತ್ತು. ಅವರ ಹಿತ್ತಲ ಗೋಡೆ ಒಂದು ಕಡೆ ಕುಸಿದಿತ್ತು, ಅಲ್ಲಿಂದ ಹತ್ತಿ ಇಳಿದೆವು. ಹಿತ್ತಲ ಬಾಗಿಲಿನ ಚಿಲಕವನ್ನು ಸಂದಿಯಲ್ಲಿ ಕಡ್ಡಿ ಹಾಕಿ ಎತ್ತುವುದು ಅವಳಿಗೆ ಗೊತ್ತಿತ್ತು. ಬಾಗಿಲು ತೆರೆದ ಕೂಡಲೇ ಒಳಗಿನಿಂದ ವಾಸನೆ ಬಂತು. ನಾನು ಹೊಸ್ತಿಲ ಹೊರಗೇ ನಿಂತೆ. ಅವಳು ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ಬಹಳ ಹೊತ್ತಾಯಿತು. ನಾನು ಮೆಲ್ಲಗೆ ಎರಡು ಸಲ ಕರೆದೆ. ಹೊರಗೆ ಬಂದಾಗ ಅವಳ ಲಂಗದ ಮಡಿಲಲ್ಲಿ ಪೊಟ್ಟಣವಿತ್ತು, ಬೆರಳು ಆಗಲೇ ನೀಲಿಯಾಗಿದ್ದವು. ವಾಪಸು ಬರುವ ದಾರಿಯಲ್ಲಿ ಅವಳು ನಿಂತು ನಿಂತು ಕಾಲು ಕೆರೆದುಕೊಂಡಳು. ಹಿಮ್ಮಡಿಯ ಮೇಲೆ ಚಿಗಟ ಕಚ್ಚಿದ ಕೆಂಪು ಗಂಧೆಗಳನ್ನು ನಾನು ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ.

ಮಾರನೆಯ ದಿನ ನೀಲಿಯನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿ ಮರದ ಕೆಳಗೆ ಇಟ್ಟೆವು. ಮಕ್ಕಳೆಲ್ಲ ಅದರ ಮೇಲೆ ಮುಗಿಬಿದ್ದರು. ಮೇಷ್ಟ್ರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಎಲ್ಲಿ ಸಿಕ್ತು ಇದು?"

ಗೆಳತಿ ನನ್ನ ಮುಖ ನೋಡಿದಳು. ನಾನು ಹೇಳಿದೆ, "ನಮ್ಮಪ್ಪ ಕೊಟ್ರು ಮೇಷ್ಟ್ರೆ. ಆಸ್ಪತ್ರೆದು."

ಅವರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ, "ಹಂಗಾದ್ರೆ ಎಲ್ಲರೂ ಒಂದೊಂದು ತೊಟ್ಟು ತಗೋರಿ, ಚೆಲ್ಲಬ್ಯಾಡ್ರಿ" ಎಂದರು. ಅವತ್ತು ಎಲ್ಲರ ಕಾಗದದ ಮೇಲೂ ಆಕಾಶ ಬಂತು. ಅವಳು ಕೆರೆಯನ್ನು ಮತ್ತೊಮ್ಮೆ ಬರೆದಳು.

ನಾಲ್ಕನೆಯ ದಿನ ಅವಳು ಕ್ಲಾಸಿಗೆ ಬರಲಿಲ್ಲ. ಚಳಿಜ್ವರ ಎಂದರು. ಸಂಜೆಗೆ ತೊಡೆಯ ಸಂದಿನಲ್ಲಿ ಗಡ್ಡೆ ಎದ್ದಿತು. ಅಪ್ಪ ಹೋಗಿ ನೋಡಿ ಬಂದು ಕೈ ತೊಳೆದುಕೊಳ್ಳುತ್ತ ಅಮ್ಮನಿಗೆ ಏನೋ ಹೇಳಿದರು. ಅಮ್ಮ ನನ್ನನ್ನು ಗುಡಿಸಲೊಳಗೆ ಎಳೆದುಕೊಂಡು ಬಟ್ಟೆ ಬಿಚ್ಚಿಸಿ ಕಂಕುಳು, ತೊಡೆಸಂದು, ಕುತ್ತಿಗೆ ಒತ್ತಿ ಒತ್ತಿ ನೋಡಿದಳು. ಗೆಳತಿಯನ್ನು ದೂರದಲ್ಲಿದ್ದ ರೋಗಿಗಳ ಗುಡಿಸಲಿಗೆ ಒಯ್ದರು. ಅವಳ ತಾಯಿ ಅದರ ಹೊರಗೆ ನೆಲದ ಮೇಲೆ ಕೂತಿದ್ದುದು ನಮ್ಮ ಬಾಗಿಲಿನಿಂದ ಕಾಣುತ್ತಿತ್ತು. ಆ ತಾಯಿ ಮೂರು ದಿನ ಅಲ್ಲಿಂದ ಏಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನನ್ನ ಗೆಳತಿ ಸತ್ತಳು. ಆ ಎರಡು ರಾತ್ರಿಗಳಲ್ಲಿ ಅಪ್ಪನಿಗೆ ಹೇಳಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದಿದ್ದೆ. ಹೇಳಲಿಲ್ಲ. ನನ್ನನ್ನೂ ಆ ಗುಡಿಸಲಿಗೆ ಕಳಿಸುತ್ತಾರೆ ಎಂಬ ಭಯ.

ಮಣ್ಣು ಮಾಡಿ ಬಂದ ಮೇಲೆ ಅವರ ಮನೆಯವರಿಗೆ ಹಿತ್ತಲ ಬಾಗಿಲು ತೆರೆದಿರುವ ಸುದ್ದಿ ತಳವಾರನಿಂದ ತಿಳಿಯಿತು. ಅವಳ ಚಾಪೆಯ ಕೆಳಗೆ ನೀಲಿಯ ಪೊಟ್ಟಣ ಸಿಕ್ಕಿತು. ಅಜ್ಜ ಆ ಪೊಟ್ಟಣವನ್ನು ಕಡ್ಡಿಯಲ್ಲಿ ಸಿಕ್ಕಿಸಿ ಹಿಡಿದುಕೊಂಡು ಹೊಂಗೆ ಮರದ ಹತ್ತಿರ ಬಂದರು. ಹಿಂದೆ ಅರ್ಧ ಬಿಡಾರವೇ ಬಂದಿತ್ತು, ಅಪ್ಪನೂ ಇದ್ದರು.

"ಬಣ್ಣ ತರಾಕೆ ನೀವು ಕಳ್ಸಿದ್ರೇನ್ರಿ ಮೇಷ್ಟ್ರೆ?" ಅಜ್ಜನ ದನಿ ಏರಲಿಲ್ಲ. "ಖರೇ ಹೇಳ್ರಿ. ನಾ ನಿಮ್ಮನ್ನ ಹೊಡ್ಯಾಕೆ ಬಂದಿಲ್ಲ."

ಮೇಷ್ಟ್ರು ಕಾಗದಗಳನ್ನು ಜೋಡಿಸುತ್ತಿದ್ದರು. ತಲೆ ಎತ್ತಿ ಮೊದಲು ಅಪ್ಪನನ್ನು ನೋಡಿದರು, ಆಮೇಲೆ ನನ್ನನ್ನು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡೆ.

"ತಪ್ಪು ನಂದೇ ಅಜ್ಜಾರೆ" ಎಂದರು ಅವರು.

ಅಜ್ಜ ಪೊಟ್ಟಣವನ್ನು ನೆಲಕ್ಕೆ ಬಿಟ್ಟು ಹೋದರು. ಗುಂಪಿನಲ್ಲಿದ್ದವರು ಸುಮ್ಮನಿರಲಿಲ್ಲ. ಯಾರೋ ಮೇಷ್ಟ್ರ ಅಂಗಿ ಹಿಡಿದು ಜಗ್ಗಿದರು, ಹರಿಯಿತು. ಚಿತ್ರಗಳನ್ನೆಲ್ಲ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟರು. ಬೆಂಕಿಕಡ್ಡಿ ಗೀರಿದವರು ನನ್ನ ಅಪ್ಪ, ಸೋಂಕು ತಗುಲಿದ ವಸ್ತುಗಳನ್ನು ಸುಡುವುದು ಅವರ ಕೆಲಸವೇ ಆಗಿತ್ತು. ಸುಟ್ಟು ಬಂದ ಮೇಲೆ ಡೇರೆಗೆ ನನ್ನೊಬ್ಬಳನ್ನೇ ಕರೆದರು.

"ನಾನು ನಿಂಗೆ ನೀಲಿ ಏನಾದ್ರೂ ಕೊಟ್ಟಿದ್ನೇನಮ್ಮ?" ಎಂದು ಕೇಳಿದರು. ನಮ್ಮ ಕ್ಲಾಸಿನ ಯಾವುದೋ ಮಗು ಹೇಳಿರಬೇಕು.

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡೆ.

ಅವರು ಮತ್ತೆ ಕೇಳಲಿಲ್ಲ. ಸೂಜಿ ಕುದಿಸಿ, ನನ್ನ ಇನ್ನೊಂದು ತೋಳಿಗೆ ಎರಡನೆಯ ಸಲ ಮದ್ದು ಹಾಕಿದರು. ಆ ವಿಷಯ ನಮ್ಮಿಬ್ಬರ ನಡುವೆ ಅಲ್ಲಿಗೆ ನಿಂತಿತು. ಮೇಷ್ಟ್ರು ಅದೇ ವಾರ ನ್ಯಾಮತಿಗೆ ಹೋದರು, ಬಿಡಾರ ಮುಗಿದು ಊರು ತೆರೆದ ಮೇಲೂ ತಿರುಗಿ ಬರಲಿಲ್ಲ.

ಮರುವರ್ಷ ಅಪ್ಪನಿಗೆ ಜಗಳೂರಿಗೆ ವರ್ಗವಾಯಿತು. ಚನ್ನಗಿರಿ ಬಿಟ್ಟದ್ದು ನನಗೆ ಬಿಡುಗಡೆಯಂತಿತ್ತು. ಜಗಳೂರಿನ ನೆಲ ಬೇರೆ, ಕಣ್ಣು ಹಾಯಿಸಿದಷ್ಟೂ ಜೋಳದ ಹೊಲ, ಗಾಳಿ, ಧೂಳು. ಅಲ್ಲಿದ್ದ ಏಳು ವರ್ಷ ನಾನು ಚಿತ್ರ ಬರೆಯಲಿಲ್ಲ. ಮೇಷ್ಟ್ರು ನನ್ನನ್ನು ಕಾಪಾಡಲು ಸುಳ್ಳು ಹೇಳಿ ತಾವು ಕೆಟ್ಟರು ಎಂದು ನಂಬಿದ್ದೆ. ಆ ನಂಬಿಕೆಯಲ್ಲಿ ನಾಚಿಕೆಯೂ ಇತ್ತು, ಒಂದು ಬಗೆಯ ಆಸರೆಯೂ ಇತ್ತು. ಯಾರೋ ಒಬ್ಬರು ನನ್ನ ಬಗ್ಗೆ ಅಷ್ಟು ಕರುಣೆ ತೋರಿಸಿದ್ದರು ಎಂದು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾವು ಹೊನ್ನಾಳಿಗೆ ಬಂದೆವು. ನಾನು ಲೋವರ್ ಸೆಕೆಂಡರಿ ಮುಗಿಸಿ ಅಲ್ಲಿನ ಹೆಂಗಸರು ನಡೆಸುತ್ತಿದ್ದ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಸಣ್ಣ ಮಕ್ಕಳಿಗೆ ಚಿತ್ರ, ಹಾಡು, ಮಣ್ಣಿನ ಗೊಂಬೆ ಕಲಿಸಬೇಕೆಂದು ಅವರು ಗೊತ್ತು ಮಾಡಿದರು. ಚಿತ್ರ ನನ್ನ ಪಾಲಿಗೆ ಬಂತು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಮೂರನೆಯ ದಿನ ಆರು ವರ್ಷದ ಒಂದು ಹುಡುಗಿ ಕ್ಲಾಸಿನ ಮಧ್ಯೆ ಕಾಣಲಿಲ್ಲ. ನಾನು ಚಪ್ಪಲಿಯೂ ಇಲ್ಲದೆ ಬೀದಿಗೆ ಓಡಿದೆ. ನಾಲ್ಕು ಮನೆ ಆಚೆ ಅವಳು ತನ್ನ ಮನೆಯ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು, ಅಂಗೈಯಲ್ಲಿ ಅರಿಶಿನ. ನಾನು ಅವಳ ಕೆನ್ನೆಗೆ ಹೊಡೆದೆ. ಮಗು ತೂರಾಡಿ ಗೋಡೆಗೆ ಒರಗಿತು, ತುಟಿ ಒಡೆದು ರಕ್ತ ಬಂತು. "ಹಳದಿ ಖಾಲಿ ಆಗಿತ್ತು ಅಕ್ಕಾ" ಎಂದಿತು ಅಳುತ್ತ. ಅವಳ ತಾಯಿ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡು ನಿಂತೆ.

ಮುಂದಿನ ವಾರ ಅಪ್ಪನಿಗೆ ನ್ಯಾಮತಿಯಲ್ಲಿ ಸಿಡುಬಿನ ಲಸಿಕೆ ಹಾಕುವ ಕೆಲಸವಿತ್ತು. ನಾನೂ ಬರುತ್ತೇನೆ ಎಂದೆ. ಅಪ್ಪ ಯಾಕೆ ಎನ್ನಲಿಲ್ಲ. ಪೆಟ್ರೋಲು ಸಿಗದ ಕಾಲ, ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಹೋದೆವು. ಬಸ್ಸಿನಿಂದ ಇಳಿದ ಮೇಲೆ ಅವರೇ ಒಂದು ಓಣಿಯನ್ನು ತೋರಿಸಿ, "ಅಲ್ಲಿ ಮೂರನೇ ಮನೆ" ಎಂದು ಹೇಳಿ ಪೆಟ್ಟಿಗೆ ಹಿಡಿದುಕೊಂಡು ಬೇರೆ ಕಡೆ ಹೋದರು.

ಮೇಷ್ಟ್ರು ಜಗುಲಿಯ ಮೇಲೆ ಕೂತು ಹುಡುಗರ ಲೆಕ್ಕದ ಪುಸ್ತಕ ತಿದ್ದುತ್ತಿದ್ದರು. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳಿದ ಮೇಲೆ ಚಾಪೆ ಹಾಕಿ ಕೂರಿಸಿದರು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ನಾನೇ ಅವಳನ್ನು ಕರೆದುಕೊಂಡು ಹೋದದ್ದು, ಆಸ್ಪತ್ರೆಯ ನೀಲಿ ಎಂದು ಸುಳ್ಳು ಹೇಳಿದ್ದು, ನನಗಾಗಿ ಅವರು ತಪ್ಪು ಹೊತ್ತುಕೊಂಡದ್ದು.

ಅವರು ಕೊನೆಯ ಮಾತಿಗೆ ತಲೆ ಅಲ್ಲಾಡಿಸಿದರು.

"ನಿನ್ನ ಉಳ್ಸಾಕೆ ನಾನು ಹಂಗೆ ಹೇಳ್ಲಿಲ್ಲಮ್ಮ. ಆಸ್ಪತ್ರೆಯೊಳಗೆ ಬಟ್ಟೆಗೆ ಹಾಕೋ ನೀಲಿ ಯಾಕಿರ್ತೈತೆ? ನೀನು ಬಾಯಿ ಬಿಟ್ಟ ಕೂಡ್ಲೇ ಗೊತ್ತಾತು ಸುಳ್ಳು ಅಂತ. ಎಲ್ಲಿಂದ ಬಂದಿರಬೇಕು ಅಂತಾನೂ ಗೊತ್ತಾತು. ಆದ್ರೆ ಬಣ್ಣ ಕಣ್ಣಿಗೆ ಬಿದ್ದಿತ್ತಲ್ಲ. ಕೇಳಿದ್ರೆ ಚೆಲ್ಲಬೇಕಾಗ್ತಿತ್ತು. ಕೇಳ್ಲಿಲ್ಲ."

ತಿದ್ದುತ್ತಿದ್ದ ಪುಸ್ತಕವನ್ನು ಅವರು ಮುಚ್ಚಿಟ್ಟರು.

"ಅವತ್ತೇ ಕೇಳಿ ನಿಮ್ಮಪ್ಪಗೆ ಹೇಳಿದ್ರೆ, ಏನೋ ಮದ್ದು ಕೊಡ್ತಿದ್ರು. ಉಳೀತಿದ್ಲೋ ಇಲ್ಲೋ. ಮೂರು ದಿನ ಆ ಮಗು ನನ್ನ ಮುಂದೇ ಕೂತು ಕಾಲು ಕೆರ್ಕಂತಿದ್ಲು."

ಚಿತ್ರ ಬರೆಸುವುದನ್ನು ಅವರು ಬಿಟ್ಟುಬಿಟ್ಟಿದ್ದರು. ಲೆಕ್ಕ ಮಾತ್ರ ಹೇಳಿಕೊಡುತ್ತಿದ್ದರು. ಹೊನ್ನಾಳಿಗೆ ಬಂದು ನಮ್ಮ ಮಕ್ಕಳಿಗೆ ಒಂದು ದಿನ ಪಾಠ ಮಾಡಬಹುದೇ ಎಂದು ಕೇಳಿದೆ. "ಬ್ಯಾಡಮ್ಮ" ಎಂದರು. ಆಮೇಲೆ, ನಾನು ಎದ್ದು ನಿಂತಾಗ, "ಅವಳ ತಾಯಿ ಹತ್ರ ಹೋಗಿದ್ಯಾ?" ಎಂದರು. ಇಲ್ಲ ಎಂದೆ. "ನಾನು ಎರಡು ಸಲ ಹೋಗಿದ್ದೆ. ಒಳಗೆ ಕರೀಲಿಲ್ಲ" ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪನ ಪಕ್ಕ ಕೂತಿದ್ದೆ. ಇಷ್ಟು ದಿನ ಆತುಕೊಂಡಿದ್ದ ಕರುಣೆ ನನಗಾಗಿ ಇರಲೇ ಇಲ್ಲ. ಅವರೂ ನನ್ನ ಹಾಗೆ ನೋಡಿ ಸುಮ್ಮನಿದ್ದವರು. ಅಷ್ಟಾದರೂ ಅವರು ತಪ್ಪು ನಂದೇ ಎಂದಿದ್ದರು, ಅಷ್ಟು ಹೇಳಲು ನಾನು ಒಂಬತ್ತು ವರ್ಷ ತೆಗೆದುಕೊಂಡೆ.

ಆ ಮಳೆಗಾಲ ಕಳೆದ ಮೇಲೆ ಬಂಧುಗಳ ಮದುವೆಗೆಂದು ಚನ್ನಗಿರಿಗೆ ಹೋದಾಗ ಆ ಮನೆಗೆ ಹೋದೆ. ಅಜ್ಜ ತೀರಿಕೊಂಡಿದ್ದರು. ಗೆಳತಿಯ ತಾಯಿ ನಡುಮನೆಯಲ್ಲಿ ಕಾಳು ಆರಿಸುತ್ತಿದ್ದಳು. ನನ್ನ ಗುರುತು ಹಿಡಿದು, "ಕಾಂಪೌಂಡ್ರ ಮಗಳಲ್ವೇನವ್ವ, ಕೂತ್ಕ" ಎಂದಳು. ನಾನು ಕೂರದೆ ನಿಂತೇ ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೊರದಿಂದ ಕಣ್ಣು ಎತ್ತಲಿಲ್ಲ. ಹೇಳಿ ಮುಗಿದ ಮೇಲೂ ಕಾಳಿನೊಳಗೆ ಬೆರಳು ಆಡುತ್ತಲೇ ಇತ್ತು.

"ನೀನೂ ಒಳಗೆ ಹೋಗಿದ್ಯಾ?" ಎಂದು ಕೇಳಿದಳು.

"ಇಲ್ಲಮ್ಮ. ನಾನು ಬಾಗಿಲಲ್ಲೇ ನಿಂತ್ಕಂಡಿದ್ದೆ."

"ಒಬ್ಳೇ ಹೋದ್ಲಾ?"

"ಒಬ್ಳೇ ಹೋದ್ಲು."

ಅವಳು ಮೊರ ಕೆಳಗಿಟ್ಟಳು. ಎದ್ದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಹೋಗಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ತಟ್ಟೆಯಲ್ಲಿ ರೊಟ್ಟಿ, ಪಲ್ಯ ಹಾಕಿಕೊಂಡು ಬಂದು ಮುಂದಿಟ್ಟಳು. ಮುಖ ತೊಳೆದುಕೊಂಡು ಬಂದಿದ್ದಳು, ಸೆರಗು ಒದ್ದೆಯಾಗಿತ್ತು. ಅವಳು ಎದುರಿಗೇ ಕೂತಿದ್ದರಿಂದ ಪೂರ್ತಿ ತಿಂದೆ. ಕೈಗೆ ನೀರು ಹಾಕಿ, ಬಾಗಿಲ ತನಕ ಬಂದಳು.

"ಹೇಳಿದ್ದು ಒಳ್ಳೇದಾತು" ಎಂದಳು. "ಇನ್ನೊಂದು ಸಲ ಈ ಮನೆಗೆ ಬರಬ್ಯಾಡವ್ವ. ನಿನ್ನ ನೋಡಿದ್ರೆ ಅವಳು ಈಗ ಎಷ್ಟು ಎತ್ತರ ಆಗ್ತಿದ್ಲು ಅಂತ ಕಾಣ್ತೈತೆ."

ನಾನು ಮತ್ತೆ ಹೋಗಲಿಲ್ಲ. ಹೊನ್ನಾಳಿಯಲ್ಲಿ ಇನ್ನೂ ಎರಡು ಬೇಸಿಗೆ ಆ ಕ್ಲಾಸು ನಡೆಸಿದೆ, ಆಮೇಲೆ ಮದುವೆಯಾಗಿ ಬೇರೆ ಊರಿಗೆ ಬಂದೆ. ಆ ಎರಡು ವರ್ಷವೂ ಮಕ್ಕಳು ಏನೇ ತಂದರೂ ಕೈಯಲ್ಲಿದ್ದುದನ್ನು ಕೆಳಗಿಡಿಸಿ, ಎಲ್ಲಿಂದ ತಂದೆ, ಯಾರನ್ನು ಕೇಳಿ ತಂದೆ, ಜೊತೆಗೆ ಯಾರಿದ್ದರು ಎಂದು ಕೇಳುತ್ತಿದ್ದೆ. ಅಷ್ಟು ಕೇಳಿಸಿಕೊಳ್ಳಲಾರದೆ ಕೆಲವು ಮಕ್ಕಳು ಬರುವುದನ್ನೇ ಬಿಟ್ಟರು.